ಕೊನೆಯ ಯುಸಿ ಪಾಸಾಯ್ತು, ಈಗ ಥ್ಯಾಂಕ್ಸ್ ಹೇಳುವ ಸರದಿ

ಸೋಮವಾರ ನಮಗೆ ದುಡ್ಡು ಕೊಡುವ ದೆಹಲಿಯ ಆಫೀಸಿನಿಂದ ಮೇಲ್ ಬಂತು. ನಮ್ಮ ಪ್ರಾಜೆಕ್ಟಿನ ಕೊನೆಯ ಯುಟಿಲೈಸೇಶನ್ ಸರ್ಟಿಫಿಕೇಟ್ (ಯುಸಿ, ಅಂದರೆ ಕೊಟ್ಟ ದುಡ್ಡು ಹೇಗೆ ಖರ್ಚಾಯಿತು ಅನ್ನುವ ಪತ್ರ) ಒಪ್ಪಿಗೆಯಾಗಿದೆ, ಖಾತೆ ಮುಚ್ಚಬಹುದು ಅಂತ. ಮೂರೂ ವಿಶ್ವವಿದ್ಯಾಲಯದವರು ಇರುವ ವಾಟ್ಸಾಪ್ ಗುಂಪಿಗೆ ಅದನ್ನೇ ಹಾಕಿದೆ. ಪೇಪರ್ ಪ್ರಕಟವಾದಾಗಲೂ ಅಲ್ಲಿ ಇಷ್ಟು ಗಲಾಟೆ ಆಗಿರಲಿಲ್ಲ.

ಪ್ರಾಜೆಕ್ಟ್ ಏನು, ಅದರಲ್ಲಿ ಏನು ಸಿಕ್ಕಿತು ಅನ್ನೋದು ಇಲ್ಲಿ ಓದುವ ಹೆಚ್ಚಿನವರಿಗೆ ಗೊತ್ತು. ಮಂಗನ ಕಾಯಿಲೆ, ಅದನ್ನು ಹರಡುವ ಉಣುಗು, ಮಲೆನಾಡು. ಅಷ್ಟು ಸಾಕು. ನಾನು ಹೇಳಬೇಕಿರುವುದು ದುಡ್ಡಿನ ಕಥೆ. ಥ್ಯಾಂಕ್ಸ್ ಸಲ್ಲಬೇಕಾದವರು ಅದರಲ್ಲೇ ಇದ್ದಾರೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಕಾಯಿಲೆ ಇದು. ಇದರ ಹಿಂದೆ ಬೀಳಲು ಒಂದು ವಿಭಾಗ, ಒಂದು ಕಾಲೇಜು ಸಾಕಾಗಲ್ಲ. ಉಣುಗಿನ ಜಾತಿ ಗುರುತಿಸುವವರು ಪ್ರಾಣಿಶಾಸ್ತ್ರದವರು. ದನಕ್ಕೆ ಈ ಕಾಯಿಲೆ ಅಷ್ಟಾಗಿ ಬರದಿದ್ದರೂ, ಬೆಳೆದ ಉಣುಗುಗಳಿಗೆ ರಕ್ತ ಕೊಡುವುದು ಅವೇ. ಹಾಗಾಗಿ ಪಶುವೈದ್ಯರು ಬೇಕು. ಮಂಗ ಯಾವ ಮರದ ಮೇಲೆ, ಜನ ಯಾವ ದಾರಿಯಲ್ಲಿ ದರಗು (ಒಣ ಎಲೆ) ತರಲು ಹೋಗುತ್ತಾರೆ ಅಂತ ನೋಡಲು ಅರಣ್ಯಶಾಸ್ತ್ರದವರು ಬೇಕು. ಹೀಗೆ ಮೂರು ವಿಶ್ವವಿದ್ಯಾಲಯ ಸೇರಿ ಒಂದೇ ಅರ್ಜಿ ಹಾಕಿದೆವು. ಮಂಜೂರಾತಿ ಪತ್ರವೂ ಒಂದೇ ಬಂತು.

ದುಡ್ಡು ಮಾತ್ರ ಮೂರು ಖಾತೆಗೆ, ಮೂರು ಬೇರೆ ಬೇರೆ ದಿನ ಬಂತು. ಮುಂದಿನ ಕಂತು ಬೇಕಾದರೆ ಮೂವರೂ ಯುಸಿ ಮತ್ತು ಖರ್ಚಿನ ವಿವರ ಕೊಡಬೇಕು. ಒಬ್ಬರದು ತಡವಾದರೆ ಮೂವರಿಗೂ ಇಲ್ಲ. ನಮ್ಮಲ್ಲಿ ಖರ್ಚಾಗಿ ಖಾತೆ ಖಾಲಿ. ಪಾಲುದಾರರೊಬ್ಬರಲ್ಲಿ ಟೆಂಡರ್ ಮುಗಿಯದೆ ದುಡ್ಡು ಹಾಗೇ ಕೂತಿದೆ. ಮೂರನೆಯವರದು ಇನ್ನೊಂದೇ ತಾಪತ್ರಯ. ಅರ್ಜಿ ಹಾಕುವಾಗ ಡೀಪ್ ಫ್ರೀಜರಿಗೆ ಶೇ 5 ಜಿಎಸ್‌ಟಿ ಹಿಡಿದು ಅಂದಾಜು ಕೊಟ್ಟಿದ್ದೆವು. 2022ರ ಜುಲೈನಲ್ಲಿ ಸಂಶೋಧನಾ ಸಂಸ್ಥೆಗಳಿಗಿದ್ದ ಆ ರಿಯಾಯಿತಿ ಹೋಯಿತು, ತೆರಿಗೆ ಶೇ 18 ಆಯಿತು. ಆ ವ್ಯತ್ಯಾಸ ಎಲ್ಲಿಂದ ತರೋದು ಅನ್ನುವ ಪತ್ರವ್ಯವಹಾರವೇ ಒಂದು ದಪ್ಪ ಫೈಲ್.

ಇದಕ್ಕಿಂತ ಜಾಸ್ತಿ ಕಾಡಿದ್ದು ಕ್ಯಾಲೆಂಡರ್. ಮರಿ ಉಣುಗು ಕಾಡಿನ ನೆಲದಲ್ಲಿ ಮುತ್ತಿಕೊಳ್ಳುವುದು ಮಳೆಗಾಲ ಮುಗಿದ ಮೇಲೆ. ಡಿಸೆಂಬರಿನಿಂದ ಮೇ ತನಕ ಕಾಯಿಲೆಯ ಸೀಸನ್. ನಾವು ಬಿಳಿ ಬಟ್ಟೆ ಎಳೆದುಕೊಂಡು ಉಣುಗು ಹಿಡಿಯಬೇಕಾದದ್ದೂ ಆಗಲೇ. ಸರ್ಕಾರದ ಹಣಕಾಸು ವರ್ಷ ಮುಗಿಯುವುದು ಮಾರ್ಚ್ 31ಕ್ಕೆ, ಸರಿಯಾಗಿ ಸೀಸನ್ನಿನ ನಡುವೆ. ಕಾಡಿನಲ್ಲಿ ಕೆಲಸ ತುಂಬಿರುವಾಗ ಖಾತೆಯಲ್ಲಿ ದುಡ್ಡು ಇರಲ್ಲ. ಆಗಸ್ಟಿನಲ್ಲಿ ದುಡ್ಡು ಬಂದರೆ ಕಾಡಿನಲ್ಲಿ ಜಿಗಣೆ ಬಿಟ್ಟರೆ ಇನ್ನೇನು ಸಿಗುತ್ತೆ ಹೇಳಿ.

ಒಂದು ವರ್ಷ ಇದು ತೀರಾ ಹದಗೆಟ್ಟಿತು. ಕಂತು ನಿಂತಿತು, ಅದರ ಜೊತೆ ನಮ್ಮ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋ) ಹುಡುಗಿಯ ಫೆಲೋಶಿಪ್ಪೂ ನಿಂತಿತು. ಆ ಹೊತ್ತಿಗೆ ಫೆಲೋಶಿಪ್ ತಿಂಗಳಿಗೆ 31,000ದಿಂದ 37,000ಕ್ಕೆ ಏರಿ ಆಗಿತ್ತು, 2023ರ ಜನವರಿಯಿಂದಲೇ ಜಾರಿ ಅಂತ ಆದೇಶವೂ ಇತ್ತು. ಎಲ್ಲರೂ ಅವಳಿಗೆ ಅಭಿನಂದನೆ ಹೇಳುತ್ತಿದ್ದರು. ಕೈಗೆ ಒಂದು ರೂಪಾಯಿ ಬರುತ್ತಿರಲಿಲ್ಲ. ಪಿಜಿಯ ಬಾಡಿಗೆ ಕಟ್ಟಲು ಊರಿಂದ ಅಪ್ಪ ದುಡ್ಡು ಕಳಿಸುತ್ತಿದ್ದರು. ಅವರೊಮ್ಮೆ ನನಗೇ ಫೋನ್ ಮಾಡಿದರು. "ಮಗಳು ಕೆಲಸದಲ್ಲಿ ಇದಾಳಲ್ಲ ಸಾರ್? ತೆಗೆದು ಹಾಕಿಲ್ಲ ತಾನೆ?" ಅಂತ ಕೇಳಿದರು. ಇಲ್ಲ ಅಂದೆ. ಫೋನ್ ಇಟ್ಟ ಮೇಲೆ ಲ್ಯಾಬಿನ ಬಾಗಿಲು ಹಾಕಿಕೊಂಡು ಅತ್ತೆ. ಅವಳು ಮಾರನೇ ದಿನವೂ ಬೂಟು ಹಾಕಿಕೊಂಡು, ಉಣುಗು ಕಚ್ಚದಂತೆ ಡೇಪಾ ಎಣ್ಣೆ ಸವರಿಕೊಂಡು ಕಾಡಿಗೆ ಹೋದಳು. ಆ ದಿನಗಳನ್ನು ನೆನೆದರೆ ಈಗಲೂ ಸಿಟ್ಟು ಬರುತ್ತೆ. ಯಾರ ಮೇಲೆ ಅಂತ ಕೇಳಿದರೆ ಉತ್ತರವಿಲ್ಲ.

ಸರಿ, ಮುಂದಕ್ಕೆ ಹೋಗೋಣ.

ಮಾರ್ಚ್ ಕೊನೆಯ ವಾರ ದೆಹಲಿಯ ಆಫೀಸಿನಿಂದ ಫೋನ್. ಮೂರೂ ಸಂಸ್ಥೆಯ ಲೆಕ್ಕ ನಾಳೆ ಬೆಳಗ್ಗೆ ಹತ್ತರೊಳಗೆ ಬಂದರೆ ಈ ವರ್ಷದ ಬಜೆಟ್ಟಿನಲ್ಲೇ ಬಿಡುಗಡೆ, ಇಲ್ಲದಿದ್ದರೆ ಮುಂದಿನ ವರ್ಷ ನೋಡೋಣ ಅಂದರು. ನಮ್ಮ ಅಕೌಂಟ್ಸ್ ಸೆಕ್ಷನ್ನಿನಲ್ಲಿ ಒಬ್ಬ ಎಫ್‌ಡಿಎ ಮೇಡಂ ಇದ್ದಾರೆ. ಸಂಜೆ ಎಲ್ಲರೂ ಹೊರಟ ಮೇಲೂ ಅವರು ಕೂತಿದ್ದರು. ಮೂರೂ ಕಡೆಯ ಲೆಕ್ಕ ಕೂಡಿಸಿದರೆ ಪಿಎಫ್‌ಎಂಎಸ್ (ಕೇಂದ್ರ ಸರ್ಕಾರದ ಹಣದ ಲೆಕ್ಕ ಇಡುವ ಪೋರ್ಟಲ್) ತೋರಿಸುವ ಮೊತ್ತಕ್ಕೂ ನಮ್ಮದಕ್ಕೂ ತಾಳೆಯೇ ಇಲ್ಲ. "ನೀವು ಹೋಗಿ ಸರ್, ನಿಮಗೆ ಇದು ಗೊತ್ತಾಗಲ್ಲ" ಅಂದರು. ನಿಜವೇ. ಆದರೂ ಕೂತೆ. ನಾನು ವೋಚರ್ ನಂಬರ್ ಓದುವುದು, ಅವರು ಟಿಕ್ ಹಾಕುವುದು. ರಾತ್ರಿ ಗುಡುಗು ಮಳೆ ಬಂದು ಕರೆಂಟ್ ಹೋಯಿತು. ಯುಪಿಎಸ್ ಸ್ವಲ್ಪ ಹೊತ್ತು ಕೂಗಿ ಸುಮ್ಮನಾಯಿತು. ನನ್ನ ಕೈಗೆ ಮೊಬೈಲ್ ಟಾರ್ಚ್ ಕೊಟ್ಟು, ರಿಜಿಸ್ಟರ್ ತೆಗೆದು, ಪೆನ್ಸಿಲ್‌ನಲ್ಲಿ ಕೂಡಲು ಶುರು ಮಾಡಿದರು. ಅವರ ಮಗನಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯುತ್ತಿತ್ತು. ನಡುವೆ ಒಮ್ಮೆ ಫೋನ್ ಮಾಡಿ "ಸಾರು ಬಿಸಿ ಮಾಡ್ಕೊ, ಓದಿದ್ದು ಸಾಕು, ಮಲ್ಕೊ" ಅಂದು ಮತ್ತೆ ಕಾಲಂಗೆ ಬಂದರು.

ನಡುರಾತ್ರಿ ಪಾಲುದಾರ ಸಂಸ್ಥೆಯ ಲೆಕ್ಕದವರನ್ನು ಎಬ್ಬಿಸಿದರು. ಇಬ್ಬರೂ ಒಬ್ಬರನ್ನೊಬ್ಬರು ಮುಖ ನೋಡಿದವರಲ್ಲ. ಫೋನಿನಲ್ಲೇ ಸಾಲು ಸಾಲು ಓದಿಸಿದರು. ಕೊನೆಗೆ ಸಿಕ್ಕಿತು. ಜೀಪ್ ಬಾಡಿಗೆಗೆ ಕೊಟ್ಟ ಮುಂಗಡವನ್ನು ಒಮ್ಮೆ ಖರ್ಚು ಅಂತ ಬರೆದಿದ್ದರು, ಬಿಲ್ ಬಂದ ಮೇಲೆ ಅದನ್ನೇ ಮತ್ತೊಮ್ಮೆ ಬರೆದಿದ್ದರು. ಆ ಕಡೆಯವರು ಸಾರಿ ಕೇಳುತ್ತಿದ್ದರೆ ಮೇಡಂ "ಮಾರ್ಚಲ್ಲಿ ಎಲ್ರಿಗೂ ಹಿಂಗೇ ಆಗುತ್ತೆ ಬಿಡಿ ಅಣ್ಣ, ತಿದ್ದಿ ಸೈನ್ ಮಾಡ್ಸಿ ಕಳ್ಸಿ" ಅಂದರು. ಬೆಳಗಾಗುತ್ತಲೇ ಫೈನಾನ್ಸ್ ಆಫೀಸರ್ ವಾಕಿಂಗಿಗೆ ಹೊರಡುವ ಮೊದಲೇ ಅವರ ಮನೆ ಗೇಟಿನಲ್ಲಿ ನಿಂತು ಯುಸಿಯ 12-ಎ ಫಾರ್ಮಿಗೆ ಸಹಿ ಹಾಕಿಸಿದರು. ಹತ್ತರೊಳಗೆ ಎಲ್ಲ ಹೋಯಿತು. ಆ ವರ್ಷದ ಬಜೆಟ್ಟಿನಲ್ಲೇ ಕಂತು ಬಂತು, ಉಣುಗಿನ ಸೀಸನ್ ಉಳಿಯಿತು.

ಆಮೇಲೊಂದು ದಿನ ಕೇಳಿದೆ, ಅಷ್ಟೊಂದು ಯಾಕೆ ಕಷ್ಟಪಟ್ಟಿರಿ ಅಂತ. ವಿಜ್ಞಾನ, ಕಾಯಿಲೆ, ಸಮಾಜ ಅಂತೆಲ್ಲ ಅವರು ಹೇಳಲಿಲ್ಲ. "ಆ ಹುಡುಗಿ ದಿನಾ ಬಂದು ಕೌಂಟರ್ ಹತ್ರ ನಿಲ್ತಿದ್ಲು ಸರ್. ಕೇಳ್ತಾನೂ ಇರ್ಲಿಲ್ಲ, ಸುಮ್ನೆ ನಿಲ್ತಿದ್ಲು. ನಂಗೆ ನೋಡೋಕೆ ಆಗ್ಲಿಲ್ಲ."

ನಮ್ಮ ಪೇಪರುಗಳ ಕೊನೆಯಲ್ಲಿ ಗ್ರ್ಯಾಂಟ್ ನಂಬರಿಗೆ ಕೃತಜ್ಞತೆ ಇರುತ್ತೆ. ಹಾಕಲೇಬೇಕು, ನಿಯಮ. ಆ ನಂಬರಿನ ಹಿಂದೆ ಟಾರ್ಚ್ ಬೆಳಕಿನಲ್ಲಿ ಕೂಡಿದವರ ಹೆಸರು ಹಾಕೋಣ ಅಂದರೆ ಅವರೇ ಬೇಡ ಅಂದರು. ಇಲ್ಲೂ ಬರೆಯಬೇಡಿ ಅಂದಿದ್ದಾರೆ. ಆಡಿಟ್‌ನವರು ಓದಿದರೆ ರಾತ್ರಿ ಆಫೀಸಿನಲ್ಲಿ ಯಾಕಿದ್ದಿರಿ ಅಂತ ಕೇಳುತ್ತಾರಂತೆ. ಆದ್ದರಿಂದ ಹೆಸರಿಲ್ಲದೇ ಹೇಳುತ್ತಿದ್ದೇನೆ. ಮೇಡಂ, ನಿಮ್ಮಿಂದಲೇ ಇದು ಮುಗಿಯಿತು.

ಪಾಲುದಾರ ಪ್ರಾಧ್ಯಾಪಕರು, ರಿವ್ಯೂ ಕಮಿಟಿಯಲ್ಲಿ ನಮ್ಮ ಪರ ಮಾತಾಡಿದ ಹಿರಿಯರು, ಜೀಪ್ ಡ್ರೈವರ್, ವಾರ್ಡನ್, ಆಶಾ ಕಾರ್ಯಕರ್ತೆಯರು, ಅರಣ್ಯ ಇಲಾಖೆಯ ವಾಚರುಗಳು, ನನ್ನ ಮನೆಯವರು: ಎಲ್ಲರಿಗೂ ದೊಡ್ಡ ನಮಸ್ಕಾರ. ಸಾಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ನಮಗೆ ಕಾಫಿ ಕೊಟ್ಟು "ಚುಚ್ಚುಮದ್ದು ಮತ್ತೆ ಯಾವಾಗ ಬರುತ್ತೆ?" ಅಂತ ಕೇಳಿದವರಿಗೂ. ಹಳೇ ಲಸಿಕೆ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ 2022ರಲ್ಲಿ ನಿಲ್ಲಿಸಿದ ಮೇಲೆ ಅವರು ಕೇಳುವುದು ಇದೊಂದೇ. ನಮ್ಮ ಪ್ರಾಜೆಕ್ಟ್ ಲಸಿಕೆಯದ್ದಲ್ಲ ಅಂತ ಎಷ್ಟು ಹೇಳಿದರೂ ಕಾಫಿ ತಪ್ಪಲಿಲ್ಲ.

ಹುಡುಗಿ ಥೀಸಿಸ್ ಒಪ್ಪಿಸಿದ್ದಾಳೆ, ವೈವಾ ಬಾಕಿ. ಬಾಕಿ ಫೆಲೋಶಿಪ್ ಅರಿಯರ್ಸ್ ಸಮೇತ ಬಂದಿದೆ.

ಎರಡನೇ ಹಂತಕ್ಕೆ ಅರ್ಜಿ ಬರೆಯುತ್ತಿದ್ದೇವೆ. ಈ ಸಲ ಮೂರೂ ಸಂಸ್ಥೆಯ ಲೆಕ್ಕ ನೋಡಿಕೊಳ್ಳಲು ಒಬ್ಬರು ಪ್ರಾಜೆಕ್ಟ್ ಅಕೌಂಟೆಂಟ್ ಬೇಕು ಅಂತ ಬಜೆಟ್ಟಿನ ಮೊದಲ ಸಾಲಿನಲ್ಲೇ ಕೇಳಿದ್ದೇವೆ. ಕರಡನ್ನು ಮೇಡಂಗೆ ತೋರಿಸಿದೆ. ಪ್ರಯಾಣದ ಕಾಲಂನಲ್ಲಿ ಒಂದು ತಪ್ಪು ಹಿಡಿದು ವಾಪಸ್ ಕೊಟ್ಟಿದ್ದಾರೆ.