ಮಗಳಿಗೊಂದು ಪತ್ರ: ಗುರುಗಳಿಲ್ಲದ ಇನ್ನೂರು ವರ್ಷ

ಪ್ರೀತಿಯ ಮಗಳೇ,

ಹಿಂಸೆ ಬಂದಷ್ಟೂ ವಿಶ್ವಾಸ ಗಟ್ಟಿಯಾಗುತ್ತದೆ ಅನ್ನುತ್ತಾರಲ್ಲ, ಅದು ಹೇಗೆ ಎಂದು ಕೇಳಿದ್ದೆ. ತಾನಾಗಿ ಆಗುವುದಿಲ್ಲ ಕಣಮ್ಮ. ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟ ರಕ್ತಸಾಕ್ಷಿಗಳ ರಕ್ತವೇ ಬೀಜ ಎಂಬ ಮಾತು ಹುಟ್ಟಿದ ಉತ್ತರ ಆಫ್ರಿಕದ ಕಾರ್ಥೇಜಿನಲ್ಲೇ ಕ್ರೈಸ್ತ ಧರ್ಮಸಭೆ ಕಾಲಾಂತರದಲ್ಲಿ ಅಳಿದುಹೋಯಿತು. ಬೀಜ ಬಿದ್ದ ಮೇಲೆ ಯಾರಾದರೂ ನೀರು ಹಾಯಿಸಬೇಕು. ಹಾಯಿಸಿದ್ದು ಹೇಗೆಂದು ತಿಳಿಯಬೇಕಾದರೆ ಜಪಾನಿನ ನಾಗಸಾಕಿ ಸೀಮೆಯನ್ನು ನೋಡು.

1597ರ ಫೆಬ್ರವರಿ 5ರಂದು ಅಲ್ಲಿನ ಗುಡ್ಡದ ಮೇಲೆ 26 ಮಂದಿ ಕ್ರೈಸ್ತರನ್ನು ಶಿಲುಬೆಗೇರಿಸಿ ಈಟಿಯಿಂದ ತಿವಿದರು. ಮುಂಬಯಿ ಬಳಿಯ ನಮ್ಮ ವಸಾಯಿಯಲ್ಲಿ ಹುಟ್ಟಿದ ಸಂತ ಗೊನ್ಸಾಲೊ ಗಾರ್ಸಿಯಾ ಅವರಲ್ಲೊಬ್ಬರು. ಅಂಥ ಮರಣ ಕಂಡು ಜನ ಹೆದರಿ ಚದುರಲಿಲ್ಲ. 1614ರಲ್ಲಿ ಕ್ರೈಸ್ತ ಧರ್ಮಕ್ಕೆ ದೇಶದಲ್ಲೆಲ್ಲ ನಿಷೇಧ ಬಂತು. ಕ್ರಮೇಣ ಅಧಿಕಾರಿಗಳು ಕೊಲ್ಲುವುದಕ್ಕಿಂತ ವಿಶ್ವಾಸ ಬಿಡಿಸುವುದರ ಮೇಲೆ ಕಣ್ಣಿಟ್ಟರು. ಗುಂಡಿಯೊಳಕ್ಕೆ ತಲೆಕೆಳಗಾಗಿ ತೂಗುಹಾಕಿದರು. ಕ್ರಿಸ್ತರ, ಮಾತೆ ಮರಿಯಮ್ಮನವರ ಬಿಂಬವನ್ನು ವರ್ಷವರ್ಷವೂ ಕಾಲಲ್ಲಿ ತುಳಿಸಿದರು; ಆ ಬಿಂಬಕ್ಕೆ ಫುಮಿಎ ಎನ್ನುತ್ತಾರೆ. ಪ್ರತಿ ಮನೆಯೂ ಬೌದ್ಧ ಗುಡಿಯಲ್ಲಿ ಹೆಸರು ಬರೆಸಬೇಕು. ಐದೈದು ಮನೆಗಳನ್ನು ಒಟ್ಟುಕಟ್ಟಿ, ಒಬ್ಬರ ತಪ್ಪಿಗೆ ಎಲ್ಲರನ್ನೂ ಹೊಣೆ ಮಾಡಿದರು. ಎಲ್ಲಕ್ಕಿಂತ ಕ್ರೂರವಾದದ್ದು ಇದೇ. ತನ್ನ ಪ್ರಾಣ ಕೊಡಲು ಸಿದ್ಧನಾದವನೂ ನೆರೆಮನೆಯ ಕೂಸಿನ ಪ್ರಾಣ ಕೊಡಲಾರ.

1644ರಲ್ಲಿ ಅಲ್ಲಿ ಉಳಿದಿದ್ದ ಕೊನೆಯ ಗುರು, ಅಂದರೆ ಪಾದ್ರಿ, ಕೊನಿಶಿ ಮಾನ್ಸಿಯೊ ಅವರನ್ನೂ ಕೊಂದರು. ಮುಂದೆ 200 ವರ್ಷ ಬಲಿಪೂಜೆಯಿಲ್ಲ, ಗುರುಗಳ ಮುಂದೆ ಪಾಪ ಒಪ್ಪಿಕೊಳ್ಳುವ ಪಾಪನಿವೇದನೆಯಿಲ್ಲ.

ಆಗ ನಾಗಸಾಕಿ ಬಳಿಯ ಉರಕಾಮಿಯಂಥ ಹಳ್ಳಿಗಳಲ್ಲಿ ಕೆಲಸ ಹಂಚಿಕೊಂಡರು. ಚೋಕತ ಎಂಬ ಹಿರಿಯ ಪಂಚಾಂಗ ಇಟ್ಟುಕೊಂಡು ಈಸ್ಟರಿಗೆ ಮುಂಚಿನ ತಪಸ್ಸುಕಾಲ, ಕ್ರಿಸ್ಮಸ್, ಉಪವಾಸದ ದಿನಗಳನ್ನು ಲೆಕ್ಕಹಾಕುತ್ತಿದ್ದ. ಅದನ್ನು ಮನೆಮನೆಗೆ ಮುಟ್ಟಿಸುವವನು ಕಿಕಿಯಾಕು. ಜ್ಞಾನಸ್ನಾನ (ಬ್ಯಾಪ್ಟಿಸಮ್) ಕೊಡುವವನು ಮಿಜುಕತ. ತುರ್ತಿನಲ್ಲಿ ಜ್ಞಾನಸ್ನಾನಕ್ಕೆ ಗುರುಗಳೇ ಬೇಕೆಂದಿಲ್ಲ, ನಿನಗೆ ಗೊತ್ತಿದೆ: ನೀರು ಸುರಿಯಬೇಕು, ಪಿತ, ಸುತ, ಪವಿತ್ರಾತ್ಮರ ನಾಮ ಹೇಳಬೇಕು, ಧರ್ಮಸಭೆ ಮಾಡುವುದನ್ನೇ ಮಾಡುವ ಮನಸ್ಸಿರಬೇಕು. ಆದರೆ ಕೈಯಲ್ಲಿ ಪುಸ್ತಕವಿಲ್ಲದೆ ಬಾಯಿಂದ ಬಾಯಿಗೆ ಬಂದ ಲ್ಯಾಟಿನ್, ಪೋರ್ಚುಗೀಸ್ ಪದಗಳು ಸವೆದವು. ನಾಮ ಹೇಳುವ ಮಾತೇ ಕೆಟ್ಟರೆ ಜ್ಞಾನಸ್ನಾನವೇ ಅನುಮಾನಕ್ಕೆ ಬೀಳುತ್ತದೆ.

ಪಾಪನಿವೇದನೆಗೆ ಮಾತ್ರ ಗುರುಗಳು ಬೇಕೇಬೇಕು. ಅದಕ್ಕೆ 1603ರಲ್ಲೇ ಒಂದು ಕಿರುಪುಸ್ತಕ ಹೊರಬಂದಿತ್ತು, ಪರಿಪೂರ್ಣ ಪಶ್ಚಾತ್ತಾಪ ಪಡುವುದು ಹೇಗೆಂದು. ಅದು ಹೇಳುತ್ತಿದ್ದುದು ಇಷ್ಟು: ನರಕದ ಭಯದಿಂದಲ್ಲ, ದೇವರ ಪ್ರೀತಿಯನ್ನು ನೋಯಿಸಿದೆನಲ್ಲ ಎಂದು ಅಳು. ಗುರುಗಳು ಸಿಕ್ಕ ದಿನ ನಿವೇದಿಸಿಕೊಳ್ಳುತ್ತೇನೆ ಎಂದು ಗಟ್ಟಿಮನಸ್ಸು ಮಾಡು. ಬಿಂಬ ತುಳಿದು ಬಂದವರು ಮನೆಯ ಬಾಗಿಲು ಹಾಕಿಕೊಂಡು ಈ ಪಶ್ಚಾತ್ತಾಪದ ಪ್ರಾರ್ಥನೆ ಹೇಳುತ್ತಿದ್ದರು. ಇದಿಲ್ಲದಿದ್ದರೆ ಒಮ್ಮೆ ತುಳಿದವರು ತಾವು ಕೆಟ್ಟೆವೆಂದು ದೂರವಾಗಿಬಿಡುತ್ತಿದ್ದರು. ರಕ್ತಸಾಕ್ಷಿಗಳು ದಾರಿ ತೋರಿದರು, ನಿಜ; ಆದರೆ ಅವರ ವಿಶ್ವಾಸವನ್ನು ಹೊತ್ತು ತಂದವರು ಸೋತು, ಅತ್ತು, ಎದ್ದ ಈ ರೈತರೇ. ಇಬ್ಬರನ್ನೂ ನಾನು ಗೌರವದಿಂದ ನೆನೆಯುತ್ತೇನೆ.

1865ರ ಮಾರ್ಚ್ 17ರಂದು ನಾಗಸಾಕಿಯ ಹೊಸ ಓಉರಾ ಕ್ರೈಸ್ತ ದೇವಾಲಯಕ್ಕೆ ಉರಕಾಮಿಯ ಕೆಲವರು ಬಂದರು. ಅವರಲ್ಲೊಬ್ಬ ಹೆಂಗಸು ಫ್ರೆಂಚ್ ಗುರು ಪೆತಿಜಾನರ ಬಳಿ ಮೆಲ್ಲಗೆ, ನಮ್ಮೆಲ್ಲರ ಹೃದಯವೂ ನಿಮ್ಮದರಂತೆಯೇ ಎಂದಳು. ಸಾಂತಾ ಮರಿಯಾ ಎಲ್ಲಿ ಎಂದು ಕೇಳಿದಳು. ತಪಸ್ಸುಕಾಲ ನಡೆಯುತ್ತಿದೆಯೆಂದೂ ಅವರಿಗೆ ಗೊತ್ತಿತ್ತು. ಚೋಕತರ ಲೆಕ್ಕ ತಪ್ಪಿರಲಿಲ್ಲ!

ನಿಷೇಧ ಇನ್ನೂ ಇದ್ದುದರಿಂದ ಉರಕಾಮಿಯ 3,000ಕ್ಕೂ ಹೆಚ್ಚು ಜನರನ್ನು ಗಡೀಪಾರು ಮಾಡಿದರು. 600ಕ್ಕೂ ಹೆಚ್ಚು ಮಂದಿ ಅಲ್ಲೇ ತೀರಿಹೋದರು. 1873ರಲ್ಲಿ ನಿಷೇಧದ ಫಲಕ ಇಳಿಯಿತು. ಇಕಿತ್ಸುಕಿ ದ್ವೀಪದಲ್ಲಿ ಬಹಳ ಜನ ಧರ್ಮಸಭೆಗೆ ಮರಳಲೇ ಇಲ್ಲ. ಹಿರಿಯರಿಂದ ಬಂದ ರೂಢಿಯೇ ಅವರಿಗೆ ವಿಶ್ವಾಸವಾಗಿತ್ತು. ಅವರನ್ನು ತಪ್ಪೆನ್ನಲು ನನಗೆ ಮನಸ್ಸು ಬಾರದು.

ಈ ಭಾನುವಾರ ನಿನ್ನ ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳನ್ನು ಕೇಳಿ ನೋಡು, ಪಶ್ಚಾತ್ತಾಪದ ಪ್ರಾರ್ಥನೆ ಪುಸ್ತಕ ನೋಡದೆ ಎಷ್ಟು ಜನಕ್ಕೆ ಬರುತ್ತದೆ ಎಂದು. ನನಗೆ ಬರೆದು ತಿಳಿಸು.

ನಿನ್ನ ಅಮ್ಮ