ತುಕ್ಕು ಹಿಡಿದ ಎಂಜಿನ್ ಬಿಚ್ಚುವಾಗ ಆದ ಹಾನಿಯ ಕುರಿತು ದೂರು

ಗೆ,
ವ್ಯವಸ್ಥಾಪಕರು,
ಹಳೆಯ ವಾಹನಗಳ ದುರಸ್ತಿ ವಿಭಾಗ

ಮಾನ್ಯರೇ,

ಹಲವು ವರ್ಷ ಓಡದೆ ನಿಂತಿದ್ದ ನಮ್ಮ ತಂದೆಯವರ ಮೋಟಾರ್‌ಸೈಕಲ್ಲನ್ನು ಮತ್ತೆ ಓಡುವಂತೆ ಮಾಡಿಕೊಡಲು ನಿಮ್ಮ ವರ್ಕ್‌ಶಾಪಿಗೆ ಒಪ್ಪಿಸಿದ್ದೆ. ಪಿಸ್ಟನ್ ಸಿಲಿಂಡರಿನೊಳಗೆ ಕಚ್ಚಿಕೊಂಡಿದೆ, ಸೈಲೆನ್ಸರ್ ಪೈಪನ್ನು ಹಿಡಿದಿರುವ ಎರಡೂ ಸ್ಟಡ್‌ಗಳು (ತಲೆಯಿಲ್ಲದ ಬೋಲ್ಟ್‌ಗಳು) ತುಕ್ಕು ತಿಂದಿವೆ, ಎಷ್ಟು ದಿನವಾದರೂ ಸರಿ, ನಿಧಾನವಾಗಿ ಬಿಚ್ಚಿ ಎಂದು ಜಾಬ್ ಕಾರ್ಡಿನಲ್ಲೇ ಬರೆಸಿದ್ದೆ. ಮೂರನೆಯ ದಿನ ನಾನು ಬಂದು ನೋಡಿದಾಗ ಪಿಸ್ಟನ್ ಒಡೆದಿತ್ತು, ಸ್ಟಡ್‌ಗಳೆರಡೂ ಮುರಿದು ಸಿಲಿಂಡರ್ ಹೆಡ್ಡಿನಲ್ಲೇ ಉಳಿದಿದ್ದವು. ತುಕ್ಕು ಹಿಡಿದದ್ದು ಮುರಿಯದೆ ಇರುತ್ತದೆಯೇ ಎಂದು ನಿಮ್ಮ ಮೇಲ್ವಿಚಾರಕರು ಕೇಳಿದರು. ಆ ಮಾತನ್ನು ನಾನು ಒಪ್ಪಲಾರೆ.

ಮುರಿದ ಸ್ಟಡ್ಡಿನ ತುಂಡನ್ನು ಬೆಳಕಿಗೆ ಹಿಡಿದು ನೋಡಿದೆ. ಥ್ರೆಡ್ಡಿನ ಸಂದಿಯಲ್ಲಿ ಕೆಂಪು ಪುಡಿ ಒಣಗಿಕೊಂಡೇ ಇತ್ತು. ಬೆರಳಿಗೆ ಎಣ್ಣೆಯ ಜಿಡ್ಡು ಒಂದಿಷ್ಟೂ ಅಂಟಲಿಲ್ಲ. ಕಬ್ಬಿಣ ತುಕ್ಕಾದಾಗ ಎರಡು ಪಟ್ಟಿಗೂ ಹೆಚ್ಚು ಉಬ್ಬಿ ಸಂದಿಯನ್ನೆಲ್ಲ ಬಿಗಿಯುತ್ತದೆ, ಅಲ್ಲಿಗೆ ತುಕ್ಕು ಬಿಡಿಸುವ ಎಣ್ಣೆ ಇಳಿಯಲು ಕೆಲವೊಮ್ಮೆ ದಿನಗಳೇ ಹಿಡಿಯುತ್ತವೆ. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡರಷ್ಟು ಹಿಗ್ಗುವುದರಿಂದ, ಅಲ್ಯೂಮಿನಿಯಮ್ಮಿನ ಆ ಹೆಡ್ಡನ್ನು ಹದವಾಗಿ ಕಾಯಿಸಿ, ಸ್ಟಡ್ಡನ್ನು ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಬಳಿಕ ಸಡಿಲಿಸುತ್ತ ಹಿಂದಕ್ಕೂ ಮುಂದಕ್ಕೂ ಆಡಿಸಿದ್ದರೆ ಅದು ಹಿಡಿತ ಬಿಡುವ ಸಾಧ್ಯತೆ ಬಹಳವಿತ್ತು. ಸಾಲದ್ದಕ್ಕೆ ಒಂದು ಸ್ಟಡ್ಡಿನೊಳಗೆ ಮುರಿದ ತುಂಡನ್ನು ತಿರುಗಿಸಿ ತೆಗೆಯುವ ನಿಮ್ಮವರ ಎಕ್ಸ್‌ಟ್ರಾಕ್ಟರ್ ಕೂಡ ತುಂಡಾಗಿ ಕೂತಿದೆ. ಅದು ಗಡಸು ಉಕ್ಕು. ಸಾಮಾನ್ಯ ಡ್ರಿಲ್ ಬಿಟ್ಟಿಗೆ ಬಗ್ಗುವುದಿಲ್ಲ.

ಪಿಸ್ಟನ್ನಿನ ತಲೆಯ ಮೇಲೆ ಸುತ್ತಿಗೆಯ ಏಟಿನ ಮೂರು ಅರ್ಧಚಂದ್ರಾಕಾರದ ಗುರುತುಗಳಿವೆ. ಸ್ಪಾರ್ಕ್ ಪ್ಲಗ್ಗಿನ ರಂಧ್ರದಿಂದ ಎಣ್ಣೆ ಸುರಿದು, ಒಂದು ವಾರ ನೆನೆಯಲು ಬಿಟ್ಟು, ಕ್ರ್ಯಾಂಕನ್ನು ದಿನಕ್ಕೊಮ್ಮೆ ಮೆಲ್ಲಗೆ ಆಡಿಸಿ ನೋಡುವಷ್ಟು ತಾಳ್ಮೆಯನ್ನೂ ಯಾರೂ ತೋರಿಸಲಿಲ್ಲ. ತಂದೆಯವರು ಕೈಯಾರೆ ಒರೆಸಿ ಇಟ್ಟುಕೊಂಡಿದ್ದ ಎಂಜಿನ್ ಅದು. ಆ ಗುರುತುಗಳನ್ನು ಅವರಿಗೆ ತೋರಿಸಲು ನನಗೆ ಇನ್ನೂ ಧೈರ್ಯವಾಗಿಲ್ಲ.

ಮುರಿದ ಸ್ಟಡ್‌ಗಳನ್ನೂ ಎಕ್ಸ್‌ಟ್ರಾಕ್ಟರನ್ನೂ ವಿದ್ಯುತ್ ಕಿಡಿಯಿಂದ ಲೋಹ ಸವೆಸುವ ಸ್ಪಾರ್ಕ್ ಎರೋಷನ್ ಯಂತ್ರದಲ್ಲಿ ತೆಗೆಸಿ, ಥ್ರೆಡ್ ಕೆಟ್ಟಿದ್ದಲ್ಲಿ ಹೊಸ ಥ್ರೆಡ್ ಕೊಡುವ ಇನ್ಸರ್ಟ್ ಕೂರಿಸಿ, ಅದೇ ಹೆಡ್ಡನ್ನು ಉಳಿಸಿಕೊಡಬೇಕು. ಸಿಲಿಂಡರಿನ ಅಳತೆಗೆ ಹೊಂದುವ ಪಿಸ್ಟನ್ ಮತ್ತು ರಿಂಗುಗಳನ್ನು ನಿಮ್ಮ ಖರ್ಚಿನಲ್ಲೇ ಹಾಕಿಕೊಡಬೇಕು. ಈ ಬಗ್ಗೆ 15 ದಿನಗಳೊಳಗೆ ಲಿಖಿತ ಉತ್ತರ ಕೊಡಿ. ಅಲ್ಲಿಯವರೆಗೆ ಆ ವಾಹನದ ಇನ್ನಾವ ನಟ್ಟಿಗೂ ಯಾರೂ ಸ್ಪ್ಯಾನರ್ ಹಾಕಬಾರದೆಂದು ಕೋರುತ್ತೇನೆ.

ಇಂತಿ,
ವಾಹನದ ಮಾಲೀಕ