ಗೋವಿನಜೋಳ ಕಲಿಸಿದವರಿಗೆ

ಮೂವತ್ನಾಲ್ಕು ವರ್ಷ ‘ಆಕಾಶವಾಣಿ, ಧಾರವಾಡ’ ಎಂದು ಹೇಳಿದ ಬಾಯಿ ಇದು. ಕಳೆದ ತಿಂಗಳ ಮೂವತ್ತೊಂದಕ್ಕೆ ಕೊನೆಯ ಸಲ ಹೇಳಿ, ದಿನದ ಕಾರ್ಯಕ್ರಮಗಳ ಪಟ್ಟಿಗೆ, ಅಂದರೆ ಕ್ಯೂ ಶೀಟಿಗೆ, ಸಹಿ ಹಾಕಿ, ಸ್ಟುಡಿಯೊ ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ. ಬೀಳ್ಕೊಡುಗೆಯಲ್ಲಿ ಎರಡು ಮಾತಾಡಿ ಅಂದರು. ಮೈಕಿನ ಮುಂದೆ ಎಂದೂ ಕಟ್ಟದ ಗಂಟಲು ಅವತ್ತು ಕಟ್ಟಿತು. ಅಲ್ಲಿ ಆಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

1991ರಲ್ಲಿ ಕೆಲಸಕ್ಕೆ ಬಂದಾಗ ನಾನು ಅಪ್ಪಟ ಮೈಸೂರಿನವಳು. 1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆಯಲ್ಲೇ ಬಾನುಲಿ ಶುರುಮಾಡಿದರಲ್ಲ, ‘ಆಕಾಶವಾಣಿ’ ಎಂಬ ಹೆಸರು ನಮ್ಮಲ್ಲಿ ನಿಂತದ್ದು ಅಲ್ಲಿಂದ. ನಾನೂ ಅದೇ ಬಡಾವಣೆಯ ಹುಡುಗಿ ಎಂಬ ಜಂಬ. ಧಾರವಾಡ ನಿಲಯ ಶುರುವಾದದ್ದು 1950ರ ಜನವರಿಯಲ್ಲಿ. ನಮ್ಮದಕ್ಕಿಂತ ಎಷ್ಟು ಚಿಕ್ಕದು ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ, ಸುಳ್ಳು ಯಾಕೆ ಹೇಳಲಿ.

ಆ ಜಂಬ ಇಳಿಸಿದ್ದು ಒಂದು ಪೋಸ್ಟ್ ಕಾರ್ಡು. ಸಂಜೆಯ ರೈತರ ಕಾರ್ಯಕ್ರಮದಲ್ಲಿ ಕೀಟದ ಹಾವಳಿ ಬಗ್ಗೆ ಓದುತ್ತ ‘ಮುಸುಕಿನ ಜೋಳ’ ಅಂದಿದ್ದೆ. ನವಲಗುಂದದ ಕಡೆಯಿಂದ ಬಂತು: “ಅಕ್ಕಾರ, ನಮ್ಮ ಜ್ವಾಳ ಮುಸುಕು ಹಾಕ್ಕೊಳ್ಳಂಗಿಲ್ಲ. ನೀವು ಹೇಳಿದ್ದು ಗೋವಿನಜ್ವಾಳ ಇರಬೇಕು. ಎಣ್ಣಿ ಯಾವುದಕ್ಕ ಹೊಡೀಬೇಕು, ಖಾತ್ರಿ ಮಾಡಿ ಹೇಳ್ರಿ.” ಎಣ್ಣಿ ಅಂದರೆ ಇಲ್ಲಿ ಕೀಟನಾಶಕ. ಡ್ಯೂಟಿ ರೂಮಿನಲ್ಲಿ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಮರುವಾರ ‘ಕಡಲೆಕಾಯಿ’ ಅಂದೆ, ಮತ್ತೆ ಮೂರು ಕಾರ್ಡು! ಇಲ್ಲಿ ಶೇಂಗಾ ಬೇರೆ, ಕಡ್ಲಿ ಬೇರೆ. ಎರೆ ಹೊಲದ ಕಡ್ಲಿ ಹಿಂಗಾರಿ ಪೀಕು. ಹೆಸರು ತಪ್ಪಿದರೆ ಸಲಹೆ ಯಾರದೋ ಹೊಲಕ್ಕೆ ಹೋಗಿ ಬೀಳುತ್ತದೆ. ಆಮೇಲೆ ಸ್ಕ್ರಿಪ್ಟು ಕೈಗೆ ಬಂದ ಕೂಡಲೇ ಕೆಂಪು ಪೆನ್ನು ಹಿಡಿದು ಕೂರುವುದು ರೂಢಿಯಾಯಿತು. ಕೊನೆಯ ವಾರದ ತನಕ ‘ಮೆಕ್ಕೆಜೋಳ’ ಹೊಡೆದು ‘ಗೋವಿನಜೋಳ’ ಬರೆದಿದ್ದೇನೆ. ಕಾರ್ಡು ಬರೆದ ಆ ಹಿರಿಯರನ್ನು ಒಮ್ಮೆಯೂ ನೋಡಲಿಲ್ಲ. ನನ್ನ ಮೊದಲ ನಮಸ್ಕಾರ ಅವರಿಗೆ.

ಎರಡನೆಯದು ನನಗೆ ಟೇಪು ಕತ್ತರಿಸಲು ಕಲಿಸಿದ ಹಿರಿಯ ಸಹೋದ್ಯೋಗಿಗೆ. ಈಗಿನ ಮಕ್ಕಳು ಪರದೆ ಮೇಲೆ ಅಲೆ ನೋಡಿ ಎಡಿಟ್ ಮಾಡುತ್ತಾರೆ. ನಾವು ಕಂದು ಬಣ್ಣದ ಕಾಲಿಂಚಿನ ಟೇಪನ್ನು ಯಂತ್ರದ ಹೆಡ್ಡಿನ ಮೇಲೆ ಕೈಯಲ್ಲೇ ಹಿಂದೆ ಮುಂದೆ ಎಳೆದು, ‘ವ್ರೂಂ’ ಅನ್ನುವ ಸದ್ದಿನಲ್ಲಿ ಮಾತಿನ ತುದಿ ಹುಡುಕಿ, ಹಳದಿ ಪೆನ್ಸಿಲಿನಿಂದ ಗುರುತು ಹಾಕಿ, ಬ್ಲೇಡಿನಿಂದ ಓರೆಯಾಗಿ ಕೊಯ್ದು ಅಂಟಿಸುತ್ತಿದ್ದೆವು. ಸಂದರ್ಶನವೊಂದನ್ನು ನಾನು ಚೊಕ್ಕ ಮಾಡಿ ಒಯ್ದೆ. ಕೇಳಿ ಅವರು ಅಂದರು: “ಕೆಮ್ಮು ತಗಿ. ಉಸಿರು ಯಾಕ ತಗದಿ? ಮನುಷ್ಯಾ ಸತ್ತಂಗ ಕೇಳಸ್ತದ.” ಮಲ್ಲಿಕಾರ್ಜುನ ಮನ್ಸೂರರು ಸಂಗೀತ ಸಲಹೆಗಾರರಾಗಿದ್ದ ನಿಲಯ ನಮ್ಮದು. ಉಸಿರಿನ ಬೆಲೆ ಅಲ್ಲಿದ್ದವರಿಗೆ ಗೊತ್ತಿತ್ತು.

ನಸುಕಿನ ನಾಲ್ಕೂವರೆಗೆ ಓಣಿಯ ನಾಯಿಗಳೂ ಏಳುವ ಮುಂಚೆ ಗಾಡಿ ತಂದು ನಿಲ್ಲಿಸಿದ ಚಾಲಕರು. ಕರೆಂಟು ಹೋದಾಗ ಜನರೇಟರಿಗೆ ಓಡಿದ ಇಂಜಿನಿಯರಿಂಗ್ ವಿಭಾಗದವರು. ದೀಪಾವಳಿ ದಿನ ‘ನೀವು ಮನೀಗೆ ಹೋಗ್ರಿ’ ಎಂದು ನನ್ನ ಪಾಳಿ ಹೊತ್ತ ಸಾಂದರ್ಭಿಕ ಉದ್ಘೋಷಕರು. ಎಲ್ಲರ ಹೆಸರು ಬರೆದರೆ ಯಾರೋ ಒಬ್ಬರು ಬಿಟ್ಟುಹೋಗಿ ಜಗಳವಾದೀತು.

ಇನ್ನು ಅತ್ತೆ. ಅವರದು ಇದೇ ಊರು. ಮಗಳು ಚಿಕ್ಕವಳಿದ್ದಾಗ ನಾನು ಬೆಳಗಿನ ಪಾಳಿಗೆ ಹೋದರೆ ಅತ್ತೆ ಐದು ಐವತ್ತೈದಕ್ಕೇ ರೇಡಿಯೊ ಹಚ್ಚುತ್ತಿದ್ದರಂತೆ. ಪ್ರಸಾರ ಶುರುವಾಗುವ ಮುಂಚೆ ಬರುವ ಸಂಕೇತ ಸಂಗೀತ ಕಟ್ಟಿದವರು ಯುರೋಪಿನಿಂದ ಬಂದ ವಾಲ್ಟರ್ ಕೌಫ್‌ಮನ್ ಎಂದು ಒಮ್ಮೆ ಹೇಳಿದೆ. “ಯಾರರೆ ಇರವಲ್ರಾಕ, ಮಗಾ ಏಳ್ತದ” ಅಂದರು. ಅದು ಮುಗಿದು ನನ್ನ ದನಿ ಕೇಳಿದ್ದೇ “ಏಳು, ನಿಮ್ಮವ್ವ ಬಂದ್ಲು” ಅನ್ನುವುದು. ಮಗಳು ಬಾಚಣಿಕೆ ಹಿಡಿದು ರೇಡಿಯೊ ಮುಂದೆ ಬೆನ್ನು ಮಾಡಿ ಕೂರುತ್ತಿದ್ದಳು, ಜಡೆ ಹಾಕಲಿ ಅಂತ. ಹಾಕುತ್ತಿದ್ದವರು ಅತ್ತೆ.

ಅತ್ತೆ ಈಗಿಲ್ಲ. ರೇಡಿಯೊ ಇದೆ. ಅದರ ಮುಳ್ಳು ನಮ್ಮ ನಿಲಯ ಸಿಗುವ 765ರ ಹತ್ತಿರ ತುಕ್ಕು ಹಿಡಿದು ನಿಂತಿದೆ, ಅತ್ತಿತ್ತ ಸರಿಯುವುದಿಲ್ಲ. ರಿಪೇರಿಗೆ ಕೊಟ್ಟಿಲ್ಲ.